ಹಾಪ್ಸ್ ಗೆಡ್ಡೆ ಚೆನ್ನಾಗಿದೆ, ಜೊತೆಗೆ ಬಂದ ಸಲಹೆ ಮಾತ್ರ ಬೇಡ

ಜನವರಿ ಕೊನೆಯಲ್ಲಿ ಒಂದು ಆನ್‌ಲೈನ್ ನರ್ಸರಿಯಿಂದ ಹಾಪ್ಸ್ ಗೆಡ್ಡೆ ತರಿಸಿದ್ದೆ. ಈಗ ಡಿಸೆಂಬರ್. ಗಿಡ ಕೈಗೆ ಬಂದ ದಿನವೇ ಐದು ಸ್ಟಾರ್ ಕೊಟ್ಟು ಮುಗಿಸುವವರು ಜಾಸ್ತಿ. ಬಳ್ಳಿಯ ವಿಷಯದಲ್ಲಿ ಹಾಗೆ ಮಾಡಬಾರದು ಅನ್ನಿಸಿ ಇಷ್ಟು ದಿನ ಕಾದೆ. ಒಂದು ಮಳೆಗಾಲ ಕಳೆಯದೆ ಯಾವ ಬಳ್ಳಿಯ ಗುಣವೂ ಗೊತ್ತಾಗುವುದಿಲ್ಲ. ಐದಕ್ಕೆ ಎರಡು ಸ್ಟಾರ್ ಕೊಡುತ್ತಿದ್ದೇನೆ. ಗೆಡ್ಡೆಯಲ್ಲಿ ದೋಷ ಇರಲಿಲ್ಲ. ಸ್ಟಾರ್ ಕಡಿಮೆ ಮಾಡಿದ್ದು ಬೇರೆ ಕಾರಣಕ್ಕೆ, ಅದನ್ನೇ ವಿವರವಾಗಿ ಬರೆಯುತ್ತೇನೆ. ನರ್ಸರಿಯ ಹೆಸರು ಹಾಕುತ್ತಿಲ್ಲ. ಇಂಥ ಸಲಹೆ ಯಾವ ನರ್ಸರಿಯಿಂದ ಬಂದರೂ ನೀವು ಹುಷಾರಾಗಿರಬೇಕು, ಅಷ್ಟೇ.

ನಮ್ಮದು ಸಾಗರದ ಹತ್ತಿರ ಅಡಕೆ ತೋಟದ ಮನೆ. ಹಿಂದೆ ಸೊಪ್ಪಿನ ಬೆಟ್ಟ, ಕೆಳಗೆ ಒಂದು ಹಳ್ಳ. ಹಾಪ್ಸ್ ಅಂದರೆ ಬಿಯರ್‌ಗೆ ಕಹಿ ಮತ್ತು ಪರಿಮಳ ಕೊಡುವ ಬಳ್ಳಿ ಅಂತ ಎಲ್ಲರಿಗೂ ಗೊತ್ತು. ನಾನು ತರಿಸಿದ್ದು ಅದಕ್ಕಲ್ಲ. ನಮ್ಮ ಅತ್ತೆಗೆ ಎಂಬತ್ತು ದಾಟಿದೆ, ರಾತ್ರಿ ನಿದ್ರೆ ಬರುವುದಿಲ್ಲ. ಯುರೋಪಿನಲ್ಲಿ ಒಣಗಿದ ಹಾಪ್ಸ್ ಹೂವನ್ನು ದಿಂಬಿಗೆ ತುಂಬಿ ಮಲಗುವ ರೂಢಿ ಹಿಂದಿನಿಂದಲೂ ಇದೆ ಎಂದು ಓದಿದ್ದೆ. ಒಂದು ಪುಟ್ಟ ಚೀಲವಾದರೂ ಮಾಡಿಕೊಡೋಣ ಅನ್ನಿಸಿತು.

ಗೆಡ್ಡೆಗೆ 650 ರೂಪಾಯಿ, ಕೊರಿಯರ್‌ಗೆ 90. ಆರು ದಿನಕ್ಕೆ ಸಾಗರಕ್ಕೆ ಬಂತು. ನಮ್ಮ ಮನೆ ತನಕ ಕೊರಿಯರ್‌ನವರು ಬರುವುದಿಲ್ಲ, ನಮ್ಮನೆಯವರು ಪೇಟೆಗೆ ಹೋದಾಗ ತಂದರು. ಪ್ಯಾಕಿಂಗ್ ತುಂಬಾ ಚೆನ್ನಾಗಿತ್ತು. ಒದ್ದೆ ತೆಂಗಿನ ನಾರಿನ ಪುಡಿ, ಅದರ ಮೇಲೆ ಪೇಪರ್, ಮೇಲೊಂದು ತೂತು ಮಾಡಿದ ಕವರ್. ಗೆಡ್ಡೆ ಒಂದು ಗೇಣು ಉದ್ದ, ಹೆಬ್ಬೆರಳಿನಷ್ಟು ದಪ್ಪ. ಗೆಡ್ಡೆ ಅಂತ ಮಾರುತ್ತಾರೆ, ನೋಡಲು ಬೇರಿನ ತುಂಡಿನ ಹಾಗೇ ಇರುತ್ತದೆ. ಎರಡು ಕಡೆ ಬಿಳಿ ಮೊಳಕೆ ಕಣ್ಣು ಎದ್ದಿತ್ತು. ಬೂಷ್ಟು ಇರಲಿಲ್ಲ. ಲೇಬಲ್ ಮೇಲೆ ಕ್ಯಾಸ್ಕೇಡ್ ಎಂದು ತಳಿಯ ಹೆಸರಿತ್ತು. ಜೊತೆಗೆ ಒಂದು ಕಾರ್ಡು, ಮತ್ತೆ ನಾನು ಕೇಳದೇ ಇದ್ದ ಒಂದು ಸಣ್ಣ ಬೀಜದ ಪೊಟ್ಟಣ. ಪೊಟ್ಟಣದ ಮೇಲೆ ‘ಉಚಿತ ಹಾಪ್ಸ್ ಬೀಜ’ ಎಂದು ಬರೆದಿತ್ತು.

ಕಾರ್ಡಿನಲ್ಲಿದ್ದ ಮಾತು ಇದು: ಕಾಡಂಚು, ಬೇಲಿ, ಹಳ್ಳದ ದಂಡೆ, ಪಾಳುಬಿದ್ದ ಜಾಗ, ಎಲ್ಲಿ ಬೇಕಾದರೂ ನೆಡಿ. ಒಮ್ಮೆ ನೆಟ್ಟರೆ ಸಾಕು, ಆರೈಕೆ ಬೇಡ, ತಾನೇ ಹಬ್ಬುತ್ತದೆ.

ನಮ್ಮನೆಯವರಿಗೆ ಇದು ಇಷ್ಟವಾಯಿತು. ಹಿಂದಿನ ವರ್ಷದ ಗಾಳಿಮಳೆಗೆ ಬೆಟ್ಟದ ಅಂಚಿನಲ್ಲಿ ಎರಡು ಮರ ಬಿದ್ದು ಅಲ್ಲಿ ಬಯಲಾಗಿದೆ. “ಅಲ್ಲೇ ಹಾಕು, ದನ ಬರೋದಕ್ಕೆ ಬೇಲಿನೂ ಆಗುತ್ತೆ” ಅಂದರು. ನಾನು ಬೇಡ ಅಂದೆ. ಹಳೆಯ ಡ್ರಮ್ಮನ್ನು ಅರ್ಧಕ್ಕೆ ಕತ್ತರಿಸಿ, ತಳಕ್ಕೆ ತೂತು ಮಾಡಿ, ಮಣ್ಣು, ಗೊಬ್ಬರ, ಮರಳು ಹಾಕಿ ಅದರಲ್ಲಿ ನೆಟ್ಟೆ. ಡ್ರಮ್ಮನ್ನು ಅಂಗಳದ ಸಿಮೆಂಟ್ ಕಟ್ಟೆಯ ಮೇಲೆ ಮೂರು ಇಟ್ಟಿಗೆ ಇಟ್ಟು ಕೂರಿಸಿದೆ. ತೂತಿನಿಂದ ಬೇರು ಇಳಿದರೂ ಸಿಮೆಂಟೇ ಸಿಗಬೇಕು, ಮಣ್ಣು ಸಿಗಬಾರದು.

ಇಷ್ಟು ಯಾಕೆ ಹೆದರಿದೆ ಅಂದರೆ, ಹದಿನಾಲ್ಕು ವರ್ಷದ ಹಿಂದೆ ನಾನೇ ಒಂದು ತಪ್ಪು ಮಾಡಿದ್ದೇನೆ.

ಮನೆಗೆ ಗಾಡಿ ರಸ್ತೆ ಮಾಡಿಸುವಾಗ ದರೆ ಕಡಿದಿದ್ದರು. ಮಳೆಗಾಲದಲ್ಲಿ ಮಣ್ಣು ಜರಿಯುತ್ತಿತ್ತು. ದಾರಿಯಲ್ಲಿ ಒಂದು ಲಾಡ್ಜಿನ ಮುಂದೆ ಹಳದಿ ಹೂವಿನ ಒಂದು ನೆಲಬಳ್ಳಿ ನೋಡಿದೆ. ಹೊಳೆಯುವ ಹಸಿರು ಎಲೆ, ಪುಟ್ಟ ಸೂರ್ಯಕಾಂತಿಯಂಥ ಹೂವು. ವೆಡೇಲಿಯಾ ಅಂತ ನರ್ಸರಿಯವರು ಕರೆಯುತ್ತಾರೆ. ಕೇಳಿ ಒಂದು ಹಿಡಿ ಕಿತ್ತು, ಅಡಕೆ ಹಾಳೆಯಲ್ಲಿ ಸುತ್ತಿಕೊಂಡು ಬಂದೆ. ದರೆಗೆ ಚುಚ್ಚಿದೆ. ಎರಡು ವರ್ಷದಲ್ಲಿ ದರೆ ಪೂರ್ತಿ ಹಳದಿ. ಬಂದವರೆಲ್ಲ ಚೆಂದ ಅಂದರು, ತುಂಡು ಕೇಳಿ ತಗೊಂಡು ಹೋದರು. ನಾನೇ ಎಷ್ಟೋ ಜನರಿಗೆ ಕೊಟ್ಟಿದ್ದೇನೆ.

ಮೂರನೇ ವರ್ಷ ಅದು ರಸ್ತೆಗೆ ಇಳಿಯಿತು. ಕತ್ತಿಯಲ್ಲಿ ಸವರಿ, ಸವರಿದ್ದನ್ನು ಹಳ್ಳದ ಬದಿಗೆ ಎಸೆದೆವು. ಅಲ್ಲಿಗೇ ಕೆಟ್ಟಿತು. ಆ ಬಳ್ಳಿಯ ಪ್ರತಿ ಗೆಣ್ಣಿನಲ್ಲೂ ಬೇರು ಬರುತ್ತದೆ. ಬೆರಳಿನಷ್ಟು ಉದ್ದದ ತುಂಡು ಒದ್ದೆ ಮಣ್ಣಿಗೆ ತಾಗಿದರೆ ಸಾಕು. ಈಗ ಹಳ್ಳದ ಎರಡೂ ದಂಡೆಯಲ್ಲಿ ಇನ್ನೂರು ಅಡಿಯಷ್ಟು ಅದೇ ಇದೆ. ಅಲ್ಲಿ ಮೊದಲು ಒಂದೆಲಗ ಹಾಸಿಕೊಂಡಿರುತ್ತಿತ್ತು. ಕೆಸು ಇತ್ತು. ಬೇಸಿಗೆಯಲ್ಲಿ ತಂಬುಳಿಗೆ ಒಂದೆಲಗ ಬೇಕೆಂದರೆ ಬುಟ್ಟಿ ಹಿಡಿದು ಐದು ನಿಮಿಷ ಇಳಿದರೆ ಆಗುತ್ತಿತ್ತು. ಈಗ ನಾನು ಒಂದೆಲಗವನ್ನು ಹಿತ್ತಲಲ್ಲಿ ಬಕೆಟ್‌ನಲ್ಲಿ ಬೆಳೆಸುತ್ತೇನೆ. ನಮ್ಮ ಹಳ್ಳದ ನೀರು ಮುಂದೆ ವರದೆಗೆ ಸೇರುತ್ತದೆ, ವರದೆ ತುಂಗಭದ್ರೆಗೆ. ನಾನು ಹಾಳೆಯಲ್ಲಿ ಸುತ್ತಿ ತಂದ ಒಂದು ಹಿಡಿ ಎಲ್ಲಿಯ ತನಕ ಹೋಗಿದೆಯೋ ಅಂತ ಮಳೆಗಾಲದಲ್ಲಿ ಕೆಂಪು ನೀರು ನೋಡುವಾಗಲೆಲ್ಲ ನೆನಪಾಗುತ್ತದೆ. ಪ್ರತಿ ವರ್ಷ ದೀಪಾವಳಿ ಆದಮೇಲೆ ನಾಲ್ಕು ಆಳು ಹಚ್ಚಿ ಕೀಳಿಸುತ್ತೇನೆ. ಕಿತ್ತಿದ್ದನ್ನು ಬಂಡೆಯ ಮೇಲೆ ಹರವಿ, ಕರಕಲಾಗುವ ತನಕ ಒಣಗಿಸುತ್ತೇವೆ. ಮರುವರ್ಷ ಮತ್ತೆ ಇರುತ್ತದೆ.

ಆ ಕಾರ್ಡಿನಲ್ಲಿ ‘ಹಳ್ಳದ ದಂಡೆ’ ಎಂಬ ಎರಡು ಪದ ಓದಿದಾಗ ನನಗೆ ಹೊಟ್ಟೆಯೊಳಗೆ ಸಂಕಟವಾಯಿತು.

ಹಾಪ್ಸ್ ಬೆಳೆದ ರೀತಿ ಹೇಳುತ್ತೇನೆ. ನೆಟ್ಟ ಮೂರು ವಾರಕ್ಕೆ ಮೊಳಕೆ ಮೇಲೆ ಬಂತು. ನೇರಳೆ ಬಣ್ಣದ, ದಪ್ಪ ತುದಿಯ ಮೊಳಕೆ. ಒಂದು ಹಗ್ಗ ಇಳಿಬಿಟ್ಟಿದ್ದೆ, ಎರಡೇ ದಿನದಲ್ಲಿ ಹಿಡಿಯಿತು. ಇದಕ್ಕೆ ಕುಡಿಬಳ್ಳಿ ಇಲ್ಲ. ಕಾಂಡಕ್ಕೇ ಕೊಕ್ಕೆಯಂಥ ಸಣ್ಣ ಮುಳ್ಳುರೋಮ ಇದೆ, ಅದರಿಂದಲೇ ಅಂಟಿಕೊಂಡು ಸುತ್ತುತ್ತದೆ. ಬರಿಗೈಯಲ್ಲಿ ಸರಿಮಾಡಲು ಹೋದರೆ ಮೊಣಕೈ ತನಕ ಗೀರು, ತುರಿಕೆ. ಸುತ್ತುವ ದಿಕ್ಕು ನೋಡಿ ನನಗೆ ಖುಷಿಯಾಯಿತು: ಮೇಲಿನಿಂದ ನೋಡಿದರೆ ಪ್ರದಕ್ಷಿಣೆ ಹಾಕಿದ ಹಾಗೆ ಬಲಕ್ಕೆ. ಪಕ್ಕದಲ್ಲೇ ಇದ್ದ ಬೀನ್ಸ್ ಬಳ್ಳಿ ಅದರ ಎದುರು ದಿಕ್ಕಿಗೆ ಸುತ್ತುತ್ತಿತ್ತು. ಎರಡನ್ನೂ ಅಕ್ಕಪಕ್ಕ ಇಟ್ಟು ಮಕ್ಕಳಿಗೆ ತೋರಿಸಬೇಕು.

ಏಪ್ರಿಲ್ ಕೊನೆಗೆ ಐದೂವರೆ ಅಡಿ. ಅಲ್ಲಿಗೆ ನಿಂತಿತು, ಹೂವಿಗೆ ಬಂತು. ತಂಪು ದೇಶಗಳಲ್ಲಿ ಇದೇ ಬಳ್ಳಿ ಇಪ್ಪತ್ತು ಅಡಿ ತಂತಿಯನ್ನು ಒಂದೇ ಬೇಸಿಗೆಯಲ್ಲಿ ಏರುತ್ತದೆ. ಹಾಪ್ಸ್ ಹೆಚ್ಚಾಗಿ ಬೆಳೆಯುವುದು 35 ರಿಂದ 55 ಡಿಗ್ರಿ ಅಕ್ಷಾಂಶದ ನಡುವೆ. ಅಲ್ಲಿ ಬೇಸಿಗೆಯ ಹಗಲು ಹದಿನೈದು, ಹದಿನಾರು ಗಂಟೆ ಇರುತ್ತದೆ. ಆ ಉದ್ದ ಹಗಲಿನಲ್ಲಿ ಬಳ್ಳಿ ಬೆಳೆಯುತ್ತಲೇ ಹೋಗಿ, ಹಗಲು ಗಿಡ್ಡವಾಗುವಾಗ ಹೂ ಬಿಡುತ್ತದೆ. ಸಾಗರ ಇರುವುದು 14 ಡಿಗ್ರಿಯಲ್ಲಿ. ಜೂನ್ ತಿಂಗಳ ಅತಿ ಉದ್ದದ ಹಗಲೂ ಇಲ್ಲಿ 13 ಗಂಟೆಯ ಆಸುಪಾಸು. ಬಳ್ಳಿಗೆ ಬೆಳೆಯಲು ಪುರುಸೊತ್ತೇ ಸಿಗುವುದಿಲ್ಲ, ಗಿಡ್ಡವಿದ್ದಾಗಲೇ ಹೂ ಬಿಡುತ್ತದೆ. ಮತ್ತೆ ಅದಕ್ಕೆ ಚಳಿಗಾಲದಲ್ಲಿ ನಿಜವಾದ ಚಳಿ ಬೇಕು, ನೆಲದ ಮೇಲಿನದೆಲ್ಲ ಒಣಗಿ ಬೇರು ಮಲಗಬೇಕು. ನಮ್ಮ ದೇಶದಲ್ಲಿ ಹಿಮಾಚಲದ ಲಾಹೌಲ್ ಕಣಿವೆಯಲ್ಲಿ ಇದನ್ನು ಬೆಳೆಯುವುದು ಆ ಚಳಿ ಇರುವ ಕಾರಣಕ್ಕೇ. ನರ್ಸರಿಯ ಪುಟದಲ್ಲಿ ಇದ್ಯಾವುದೂ ಇಲ್ಲ. ‘ಎಲ್ಲ ಹವೆಗೂ ಒಗ್ಗುತ್ತದೆ’ ಎಂದಿದೆ. ಮಲೆನಾಡಿನವರು, ಬಯಲುಸೀಮೆಯವರು ಇದನ್ನು ಓದಿ ಬುಟ್ಟಿಗಟ್ಟಲೆ ಹೂ ಬರುತ್ತದೆ ಅಂದುಕೊಂಡರೆ ನಿರಾಸೆಯೇ.

ನನಗೆ ಸಿಕ್ಕಿದ್ದು ಹದಿನಾಲ್ಕು ಹೂಗೊಂಚಲು. ಮಳೆ ಹಿಡಿಯುವ ಮೊದಲು, ಜೂನ್ ಮೊದಲ ವಾರ ಕೊಯ್ದೆ. ಒಂದೊಂದೂ ಹೆಬ್ಬೆರಳಿನ ತುದಿಯಷ್ಟು, ಹಸಿರು ಪೇಪರ್‌ನಂಥ ಎಸಳು ಒಂದರ ಮೇಲೊಂದು ಹೊದ್ದುಕೊಂಡಿರುತ್ತದೆ. ಒಂದನ್ನು ಉದ್ದಕ್ಕೆ ಸೀಳಿ ನೋಡಿದೆ. ಎಸಳಿನ ಬುಡದಲ್ಲಿ ಹಳದಿ ಪುಡಿ, ಅರಿಸಿನದ ಪುಡಿಯ ಹಾಗೆ. ಅದೇ ಲುಪುಲಿನ್. ಕಹಿ ಇರುವುದು, ವಾಸನೆ ಇರುವುದು ಅದರಲ್ಲೇ. ಬೆರಳಿನಲ್ಲಿ ಉಜ್ಜಿದರೆ ಅಂಟಂಟು. ಚಕ್ಕೋತದ ಸಿಪ್ಪೆ ಸುಲಿದಾಗ ಮುಖಕ್ಕೆ ಸಿಡಿಯುವ ವಾಸನೆ ಇದೆಯಲ್ಲ, ಸರಿಯಾಗಿ ಅದು, ಹಿಂದೆ ಸ್ವಲ್ಪ ಹುಲ್ಲಿನ ಘಮ. ನೆರಳಲ್ಲಿ ಒಣಗಿಸಿ ಹಳೆಯ ಕಾಟನ್ ಸೀರೆಯ ಚೂರಿನಲ್ಲಿ ಹೊಲಿದು ಅತ್ತೆಯ ದಿಂಬಿನ ಕೆಳಗೆ ಇಟ್ಟೆ. “ಚಕ್ಕೋತ ಇಟ್ಟಿದ್ದೀಯಾ?” ಅಂತ ಕೇಳಿದರು. ವಾಸನೆ ಹಿತವಾಗಿದೆ ಎಂದು ಆ ಚೀಲ ತೆಗೆಯಲು ಬಿಡುತ್ತಿಲ್ಲ. ನಿದ್ರೆ ಹೆಚ್ಚಾಯಿತು ಅಂತ ಹೇಳಿದರೆ ಸುಳ್ಳಾಗುತ್ತದೆ.

ಮಳೆಗಾಲದಲ್ಲಿ ಎಲೆಯ ಕೆಳಗೆ ಬೂಷ್ಟು ಬಂತು. ಅಡಕೆಗೆ ಕೊಳೆ ಔಷಧಿ ಹೊಡೆದ ದಿನ ಉಳಿದ ಬೋರ್ಡೋವನ್ನೇ ಇದಕ್ಕೂ ಹೊಡೆಸಿದೆ, ತಡೆಯಿತು. ಈಗ ಬಳ್ಳಿ ಹಳದಿಯಾಗಿದೆ, ಬುಡ ಗಟ್ಟಿಯಾಗಿದೆ. ನಾಯಿ ಸಾಕಿದವರು ಒಂದು ವಿಷಯ ತಿಳಿದಿರಿ: ಹಾಪ್ಸ್ ಹೂವು ನಾಯಿಗೆ ವಿಷ. ತಿಂದರೆ ಮೈ ಬಿಸಿ ಏರಿ ಜೀವಕ್ಕೇ ಅಪಾಯ. ನಮ್ಮ ನಾಯಿಯನ್ನು ಆ ಕಟ್ಟೆಯ ಕಡೆ ಬಿಡುತ್ತಿರಲಿಲ್ಲ. ಈ ಎಚ್ಚರಿಕೆಯೂ ಕಾರ್ಡಿನಲ್ಲಿ ಇರಲಿಲ್ಲ.

ಇನ್ನು ಆ ಉಚಿತ ಬೀಜ. ಪೊಟ್ಟಣದ ಹಿಂದೆ ಬರೆದಂತೆ ಒದ್ದೆ ಮರಳಿನಲ್ಲಿ ಬೆರೆಸಿ ಒಂದು ತಿಂಗಳು ಫ್ರಿಜ್ಜಿನಲ್ಲಿ ಇಟ್ಟಿದ್ದೆ. ಮಾರ್ಚ್‌ನಲ್ಲಿ ಗ್ರೋ ಬ್ಯಾಗಿಗೆ ಹಾಕಿದೆ. ಒಂಬತ್ತು ಸಸಿ ಎದ್ದವು. ಗೆಡ್ಡೆಯಿಂದ ಬಂದ ಬಳ್ಳಿಗಿಂತ ಎರಡು ಪಾಲು ಜೋರು. ಮೇ ತಿಂಗಳ ಹೊತ್ತಿಗೆ ಬಚ್ಚಲ ಕಡೆಯ ಪಾಗಾರ ಹತ್ತಿ ಆಚೆ ಕಡೆಗೆ ತಲೆ ಹಾಕಿತ್ತು. ಎಲೆ ಬೇರೆ ಥರ ಇತ್ತು. ಎದುರು ಮನೆಯ ಅಣ್ಣ ನೋಡಿ “ಇದು ಗಾಂಜಾ ಅಲ್ವಾ?” ಅಂತ ಗಾಬರಿಯಿಂದ ಕೇಳಿದರು. ಹಾಪ್ಸ್ ಮತ್ತು ಗಾಂಜಾ ಒಂದೇ ಕುಟುಂಬದ ಗಿಡಗಳು, ಹಾಗಾಗಿ ಅವರ ಅನುಮಾನ ಪೂರ್ತಿ ತಪ್ಪೇನಲ್ಲ.

ತಮ್ಮನ ಮಗಳು ಇರುವಕ್ಕಿಯ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯದಲ್ಲಿ ಓದುತ್ತಾಳೆ. ರಜೆಗೆ ಬಂದವಳು ಡ್ರಮ್ಮಿನ ಬಳ್ಳಿಯದೊಂದು ಎಲೆ, ಬೀಜದ ಬಳ್ಳಿಯದೊಂದು ಎಲೆ ಕಿತ್ತು ಜಗುಲಿಯ ಮೇಲೆ ಇಟ್ಟಳು. “ಅತ್ತೆ, ಸೀಳು ಎಣಿಸಿ ನೋಡಿ.” ಡ್ರಮ್ಮಿನದರಲ್ಲಿ ಮೂರು. ತುದಿಯ ಕೆಲವು ಎಲೆಗೆ ಸೀಳೇ ಇಲ್ಲ, ಬರೀ ಹೃದಯದ ಆಕಾರ. ಬೀಜದ್ದರಲ್ಲಿ ಏಳು, ಅಂಗೈ ಬಿಡಿಸಿದ ಹಾಗೆ. ಎಲೆಗಿಂತ ತೊಟ್ಟೇ ಉದ್ದ. ಮುಟ್ಟಿದರೆ ಮರಳು ಕಾಗದ. “ಇದು ಬಿಯರ್ ಹಾಪ್ಸ್ ಅಲ್ಲ. ಜಪಾನಿ ಹಾಪ್ಸ್. ಇದರ ಹೂವಿನಲ್ಲಿ ನಿಮಗೆ ಬೇಕಾದ ಹಳದಿ ಪುಡಿ ಇರೋದಿಲ್ಲ.”

ಆಮೇಲೆ ಅವಳು ಹೇಳಿದ್ದನ್ನು ನಾನೂ ಕೂತು ಓದಿ ಖಾತ್ರಿ ಮಾಡಿಕೊಂಡೆ. ಜಪಾನಿ ಹಾಪ್ಸ್ ಪೂರ್ವ ಏಷ್ಯಾದ ಬಳ್ಳಿ. ಅಮೆರಿಕಕ್ಕೆ 1800ರ ಕೊನೆಯ ದಶಕಗಳಲ್ಲಿ ಅಂದಕ್ಕೆಂದು ತಂದರು. ಈಗ ಅಲ್ಲಿ ಪೂರ್ವ ಭಾಗದ ಹೊಳೆದಂಡೆಗಳಲ್ಲಿ ಕಂಬಳಿ ಹೊದಿಸಿದ ಹಾಗೆ ಹಬ್ಬಿ, ಕೆಳಗಿನ ಸಸಿಗಳಿಗೆ ಬೆಳಕೇ ಸಿಗದಂತೆ ಮಾಡುತ್ತದೆ. ಒಂದೇ ವರ್ಷದ ಬಳ್ಳಿ, ಆದರೆ ಬೀಜ ಉದುರಿಸಿ ಸಾಯುತ್ತದೆ, ಬೀಜ ನೆರೆ ನೀರಿನಲ್ಲಿ ಹೋಗುತ್ತದೆ. ಯುರೋಪಿಯನ್ ಒಕ್ಕೂಟ 2019ರಲ್ಲಿ ಇದನ್ನು ಅಪಾಯಕಾರಿ ಅನ್ಯ ಜೀವಿಗಳ ಪಟ್ಟಿಗೆ ಸೇರಿಸಿತು. ಅಲ್ಲಿ ಇದನ್ನು ಮಾರುವಂತಿಲ್ಲ, ಬೆಳೆಸುವಂತಿಲ್ಲ, ಹೊರಗೆ ಬಿಡುವಂತಿಲ್ಲ. ಅಲ್ಲಿ ಮಾರಬಾರದ ಬೀಜ ನನ್ನ ಮನೆಗೆ ಉಚಿತವಾಗಿ ಬಂದಿತ್ತು, ‘ಹಳ್ಳದ ದಂಡೆಯಲ್ಲಿ ನೆಡಿ’ ಎಂಬ ಕಾರ್ಡಿನ ಜೊತೆ.

ಹೂ ಬಿಡುವ ಮೊದಲೇ ಒಂಬತ್ತನ್ನೂ ಬೇರು ಸಮೇತ ಕಿತ್ತೆವು. ಪಾಗಾರದ ಆಚೆ ಇಳಿದಿದ್ದ ತುದಿಯನ್ನೂ ಬಿಡಲಿಲ್ಲ. ಎಲ್ಲವೂ ಬಚ್ಚಲ ಒಲೆಗೆ ಹೋಯಿತು. ಗ್ರೋ ಬ್ಯಾಗಿನ ಮಣ್ಣಿಗೆ ಕುದಿಯುವ ನೀರು ಹೊಯ್ದು, ಈಗಲೂ ಬೇರೆ ಏನೂ ನೆಡದೆ ಹಾಗೇ ಇಟ್ಟು ನೋಡುತ್ತಿದ್ದೇನೆ.

ಬಿಯರ್ ಹಾಪ್ಸ್ ಸಾಗರದ ಬೆಟ್ಟವನ್ನು ನುಂಗಿಬಿಡುತ್ತದೆ ಎಂದು ನಾನು ಹೆದರಿಸುತ್ತಿಲ್ಲ. ಐದೂವರೆ ಅಡಿಗೆ ನಿಂತ ಬಳ್ಳಿಯನ್ನು ಕಣ್ಣಾರೆ ನೋಡಿದ್ದೇನೆ. ಹೆಣ್ಣು ಬಳ್ಳಿ ಒಂದೇ ಇದ್ದರೆ ಬೀಜವೂ ಕಟ್ಟುವುದಿಲ್ಲ. ಹಾಪ್ಸ್‌ನಲ್ಲಿ ಗಂಡು ಹೆಣ್ಣು ಬೇರೆ ಬೇರೆ ಗಿಡ, ನರ್ಸರಿಯವರು ಮಾರುವುದು ಹೆಣ್ಣು. ಆದರೆ ಅದೇ ಕಾರ್ಡು ಹಿಮಾಚಲದ ಗಿರಾಕಿಗೂ ಹೋಗುತ್ತದೆ. ಅಲ್ಲಿ ಚಳಿಯೂ ಇದೆ, ಹಗಲೂ ನಮ್ಮದಕ್ಕಿಂತ ಉದ್ದ. ನೆಲದೊಳಗಿನ ಬೇರುಗೆಡ್ಡೆ ವರ್ಷ ವರ್ಷ ಸುತ್ತ ಹರಡುತ್ತದೆ, ಅಗೆದಾಗ ಉಳಿದ ತುಂಡು ಮತ್ತೆ ಚಿಗುರುತ್ತದೆ, ಬುಡ ಇಪ್ಪತ್ತು ವರ್ಷ ಬದುಕುತ್ತದೆ. ಹಾಪ್ಸ್ ಕಾಡುಬಳ್ಳಿಯಾಗಿಯೇ ಇರುವ ದೇಶದಲ್ಲೂ ಈ ಸಲಹೆ ತಪ್ಪೇ. ಅಮೆರಿಕದಲ್ಲಿ ಅಲ್ಲಿನದೇ ಕಾಡು ಹಾಪ್ಸ್ ಬಗೆಗಳಿವೆ. ಅವುಗಳ ಪಕ್ಕ ಯುರೋಪಿನ ತಳಿ ನೆಟ್ಟರೆ ಗಾಳಿಯಲ್ಲಿ ಪರಾಗ ಹಾರಿ ಎರಡೂ ಬೆರೆಯುತ್ತವೆ, ಕಾಡಿನ ಬಗೆ ತನ್ನತನ ಕಳೆದುಕೊಳ್ಳುತ್ತದೆ. ಒಮ್ಮೆ ಬೆರೆತದ್ದನ್ನು ಬೇರ್ಪಡಿಸಲು ಆಗುವುದಿಲ್ಲ.

ನಮ್ಮ ಬೆಟ್ಟದ ಆ ‘ಖಾಲಿ’ ಜಾಗಕ್ಕೆ ಈ ಮಳೆಗಾಲದಲ್ಲಿ ಹೋಗಿ ನೋಡಿದೆ. ಮುರುಗಲಿನ ಸಸಿ ಎರಡು ಎದ್ದಿವೆ. ಹೊನ್ನೆ ಒಂದು, ಮತ್ತಿ ಮೂರು. ಕವಳಿ ಮಟ್ಟಿ ಚಿಗುರಿದೆ. ಬಿದ್ದ ಮರದ ಕೊಂಬೆಯಲ್ಲಿದ್ದ ಸೀತಾಳೆ ಇನ್ನೂ ಹಸಿರಾಗಿದೆ. ಪಕ್ಕದಲ್ಲಿ ಯುಪಟೋರಿಯಂ ಕೂಡ ಕಾಲಿಟ್ಟಿದೆ, ಅದನ್ನು ಕಿತ್ತು ಬಂದೆ. ಅದೂ, ಲಂಟಾನವೂ ದೂರದ ಅಮೆರಿಕ ಖಂಡದಿಂದ ಬಂದವು. ಲಂಟಾನವನ್ನು ಸುಮಾರು ಇನ್ನೂರು ವರ್ಷದ ಹಿಂದೆ ಹೂವು ಚೆಂದ, ಬೇಲಿಗೆ ಒಳ್ಳೆಯದು ಅಂತಲೇ ತಂದಿದ್ದು. ನಮ್ಮನೆಯವರು ಬೇಲಿ ಅಂದದ್ದೂ ಅದೇ ಮಾತು. ಸಸಿಗಳನ್ನು ತೋರಿಸಿದ ಮೇಲೆ ಅವರೇ ಸುತ್ತ ನಾಲ್ಕು ಗೂಟ ಹೊಡೆದು ಬಂದರು.

ನರ್ಸರಿಗೆ ಫೋನ್ ಮಾಡಿದ್ದೆ. ಮಾತಾಡಿದ ಹುಡುಗ ಮರ್ಯಾದೆಯಿಂದಲೇ ಮಾತಾಡಿದ. “ಮೇಡಂ, ಕಾರ್ಡು ಎಲ್ಲಾ ಬಳ್ಳಿಗೂ ಒಂದೇ. ಒಟ್ಟಿಗೆ ಪ್ರಿಂಟ್ ಮಾಡ್ಸಿ ಇಟ್ಟಿದೀವಿ. ಬೀಜ ಫ್ರೀ, ಸುಮ್ನೆ ಹಾಕ್ತೀವಿ.” ಎಲ್ಲ ಬಳ್ಳಿಗೂ ಒಂದೇ ಕಾರ್ಡು! ನನಗೆ ಸಿಟ್ಟು ಬಂದದ್ದು ಇದಕ್ಕೇ. ಅವನ ಮೇಲಲ್ಲ, ಕಾರ್ಡು ಬರೆಸಿದವರ ಮೇಲೆ. ಎಲೆಯ ಫೋಟೋ, ವಿವರ ಎಲ್ಲ ಕಳಿಸಿದೆ. ನೂರು ರೂಪಾಯಿಯ ಕೂಪನ್ ಬಂತು. ನಾನು ಕೇಳಿದ್ದು ಕೂಪನ್ ಅಲ್ಲ. ಕಾರ್ಡಿನ ಎರಡು ಸಾಲು ತೆಗೆಯಿರಿ, ಆ ಬೀಜ ಹಾಕುವುದು ನಿಲ್ಲಿಸಿ ಎಂದು ಕೇಳಿದ್ದೆ. ನಿನ್ನೆ ಅವರ ಪುಟ ತೆರೆದು ನೋಡಿದೆ, ಎಲ್ಲ ಹಾಗೇ ಇದೆ. ಅವರು ಅದನ್ನು ಬದಲಾಯಿಸಿದ ದಿನ ನಾನೂ ಈ ಎರಡು ಸ್ಟಾರನ್ನು ನಾಲ್ಕು ಮಾಡುತ್ತೇನೆ.

ಹಾಪ್ಸ್ ಬೇಕೇಬೇಕು ಅನ್ನುವವರು ತರಿಸಿ, ತಪ್ಪಿಲ್ಲ. ವಾಸನೆಗೆ, ಕುತೂಹಲಕ್ಕೆ ಒಂದು ಬಳ್ಳಿ ಚೆನ್ನಾಗಿರುತ್ತದೆ. ದೊಡ್ಡ ಕುಂಡದಲ್ಲಿ, ಸಿಮೆಂಟಿನ ಮೇಲೆ ಇಡಿ. ಗೆಡ್ಡೆಯನ್ನೇ ಕೊಳ್ಳಿ, ಬೀಜ ಬೇಡ. ಬೀಜದ ಪೊಟ್ಟಣ ಬಂದಿದ್ದರೆ ಕಸದ ಬುಟ್ಟಿಗೆ ಹಾಕಬೇಡಿ, ಒಲೆಗೆ ಹಾಕಿ. ಸವರಿದ ಬಳ್ಳಿಯನ್ನು ಗೊಬ್ಬರಗುಂಡಿಗೂ ಹಾಕಬೇಡಿ, ಹಳ್ಳಕ್ಕಂತೂ ಬೇಡವೇ ಬೇಡ.

ಪಕ್ಕದ ಮನೆಯ ಅಕ್ಕ ನನ್ನ ಮಾತು ಕೇಳಿ ಅದೇ ನರ್ಸರಿಯಿಂದ ಗುಲಾಬಿ ಬಣ್ಣದ ಹೂವಿನ ಆಂಟಿಗೋನಾನ್ ಬಳ್ಳಿ ತರಿಸಿದ್ದರು. ಅದು ಮೆಕ್ಸಿಕೋದ್ದು, ಬಿಸಿ ಹವೆಯದ್ದು, ಇಲ್ಲಿ ಹಾಪ್ಸ್ ಹಾಗೆ ಸೋಲುವುದಿಲ್ಲ. ಅವರಿಗೂ ಅದೇ ಕಾರ್ಡು ಬಂದಿತ್ತು. ಅವರು ಅದನ್ನು ನಂಬಿ ಹಿತ್ತಲಾಚೆ ಕಾನಿನ ಅಂಚಿಗೆ ನೆಟ್ಟಿದ್ದರು. ಹೋದ ಭಾನುವಾರ ಇಬ್ಬರೂ ಹಾರೆ, ಗುದ್ದಲಿ ಹಿಡಿದು ಹೋದೆವು. ಒಂದೇ ವರ್ಷದ ಬಳ್ಳಿಯ ಬುಡದಲ್ಲಿ ಹನ್ನೊಂದು ಗೆಡ್ಡೆ ಸಿಕ್ಕಿತು, ಕೆಲವು ಕಡಲೆಕಾಯಿಯಷ್ಟು, ಒಂದೆರಡು ಮುಷ್ಟಿಯಷ್ಟು. ಅಗೆದ ಮಣ್ಣನ್ನೆಲ್ಲ ಕತ್ತಲಾಗುವ ತನಕ ಜರಡಿ ಹಿಡಿದೆವು. ಕೊನೆಯ ಬುಟ್ಟಿಯಲ್ಲಿ ಹನ್ನೆರಡನೆಯದು ಸಿಕ್ಕಿತು.